ತಾಯಿಫಿನ ಶುಕ್ರವಾರದ ಗಡಂಗು

ಕಳೆದ ಕ್ರಿಸ್ಮಸ್ಸಿಗೆ ನಾನು ಮಗಳು ಪ್ರೆಸ್ಸಿಯ ಮನೆಯಲ್ಲಿದ್ದೆ. ಅವಳು ಅಡುಗೆಮನೆಯ ಮೂಲೆಯಿಂದ ದ್ರಾಕ್ಷಿ ವೈನಿನ ಭರಣಿ ಎತ್ತಿ ತಂದು ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಹುಳಿ, ಸಿಹಿ, ಲವಂಗ ಎಲ್ಲ ಕೂಡಿದ ವಾಸನೆ ಊಟದ ಮೇಜಿನವರೆಗೆ ಬಂತು. ಮೊಮ್ಮಗಳು ಮೂಗು ಮುಚ್ಚಿಕೊಂಡಳು.

"ನಂಗೆ ಈ ವಾಸನೆ ಅಂದ್ರೆ ಸೌದಿ," ಎಂದಳು ಪ್ರೆಸ್ಸಿ. "ಸಣ್ಣವಳಿದ್ದಾಗ ಪಪ್ಪ, ಮಮ್ಮಿ ಪ್ರತಿ ಶುಕ್ರವಾರ ನನ್ನನ್ನು ಬಾರಿಗೆ ಕರ್ಕೊಂಡು ಹೋಗ್ತಿದ್ರು."

"ಸೌದಿಯಲ್ಲಿ ಎಂತ ಬಾರು? ಸುಳ್ಳು!" ಎಂದಳು ಮೊಮ್ಮಗಳು.

"ನಿನ್ನ ಅಜ್ಜಿಯನ್ನೇ ಕೇಳು. ಬಾರಿನ ಓನರ್ ಅವಳೇ."

ನನ್ನ ಕೈಯ ಚಮಚ ಬಟ್ಟಲಿಗೆ ಬಿತ್ತು. ಆಗ ಪ್ರೆಸ್ಸಿಗೆ ಆರು ವರ್ಷ. ಎಲ್ಲ ಮರೆತಿದ್ದಾಳೆ ಎಂದೇ ನಾನು ಇಷ್ಟು ವರ್ಷ ತಿಳಿದುಕೊಂಡಿದ್ದೆ. ಅವಳು ನಗುತ್ತಾ ಹೇಳಿದಳು, ಎಲ್ಲರೂ ನಕ್ಕರು.

ಮಕ್ಕಳನ್ನು ಅಂಥ ಕಡೆ ಕರೆದುಕೊಂಡು ಹೋಗುವುದು ನಮ್ಮ ಮನೆಯಲ್ಲಿ ಹೊಸತೇನಲ್ಲ. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಅಪ್ಪ, ಅಮ್ಮ ಇಬ್ಬರೂ ಹೊಳೆಬದಿಯ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಪ್ಪ ಮಣ್ಣು ತುಳಿಯುತ್ತಿದ್ದ, ಅಮ್ಮ ಹಸಿ ಹಂಚು ಹೊರುತ್ತಿದ್ದಳು. ಶನಿವಾರ ಮಧ್ಯಾಹ್ನ ಬಟವಾಡೆ ಆದದ್ದೇ ಇಬ್ಬರೂ ಪೇಟೆಯ ತುದಿಯ ಗಡಂಗಿಗೆ ಹೋಗುತ್ತಿದ್ದರು. ಕಳ್ಳಿನಂಗಡಿಗೆ ನಮ್ಮ ಕಡೆ ಗಡಂಗು ಎನ್ನುತ್ತಾರೆ. ಮನೆಯಲ್ಲಿ ನನ್ನನ್ನು ನೋಡಿಕೊಳ್ಳುವವರಿಲ್ಲ, ಹಾಗಾಗಿ ನಾನೂ ಅವರ ಹಿಂದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲಂತೂ ಒಂದು ಶನಿವಾರವೂ ತಪ್ಪಲಿಲ್ಲ.

ಎದುರಿನ ಬೆಂಚು ಗಂಡಸರಿಗೆ. ಹೆಂಗಸರು ತೆಂಗಿನ ಮಡಲಿನ ತಟ್ಟಿಯ ಹಿಂದೆ ನೆಲದಲ್ಲಿ ಕೂರಬೇಕು. ಮಕ್ಕಳು ಎರಡೂ ಕಡೆ ಓಡಾಡಬಹುದು. ಗಡಂಗಿನ ಗಿರಿಜಕ್ಕ ನನಗೆ ಆಗಷ್ಟೇ ಇಳಿಸಿದ ಸಿಹಿ ಕಳ್ಳು ಅರ್ಧ ಲೋಟ, ಒಂದು ಸುಟ್ಟ ಒಣಮೀನು ಕೊಡುತ್ತಿದ್ದಳು. ನನಗೆ ಅಲ್ಲಿ ಖುಷಿಯಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ? ಮಡಕೆಗೆ ಕಿವಿ ಇಟ್ಟು ಕೇಳುವುದನ್ನು ಕಲಿಸಿದವಳೂ ಅವಳೇ. ಒಳಗೆ ಚುರುಚುರು ಸದ್ದು ಜೋರಿದ್ದರೆ ಕಳ್ಳು ಇನ್ನೂ ಹುಳಿಯೇರುತ್ತಾ ಉಂಟು. ಸದ್ದು ನಿಂತರೆ ಏರಿ ಮುಗಿದಿದೆ.

ಇನ್ನೊಂದನ್ನೂ ಅಲ್ಲಿ ನೋಡಿದ್ದೆ. ಅಪ್ಪ ಎರಡನೇ ಕುಡಿಕೆ ಕೇಳುವಾಗ ಅಮ್ಮ ತಟ್ಟಿಯ ಸಂದಿನಿಂದ ಗಿರಿಜಕ್ಕನ ಕಡೆ ನೋಡುತ್ತಿದ್ದಳು. ಗಿರಿಜಕ್ಕ ಆ ಕುಡಿಕೆಗೆ ಬಾವಿ ನೀರು ಹೊಯ್ದು ಕೊಡುತ್ತಿದ್ದಳು. ಆಮೇಲಾಮೇಲೆ ಮೊದಲ ಕುಡಿಕೆಗೇ ನೀರು ಬೀಳತೊಡಗಿತು. ಮನೆಗೆ ಬಂದ ಮೇಲೆ ಅಪ್ಪ ಅಮ್ಮನಿಗೆ ಹೊಡೆಯುತ್ತಿದ್ದ. ಮರುದಿನ ಇಗರ್ಜಿಗೆ ಹೋಗುವಾಗ ಅಮ್ಮ ಊದಿದ ಕೆನ್ನೆಗೆ ಸೆರಗು ಎಳೆದುಕೊಂಡು, "ಅವರಲ್ಲ ಹೊಡೆದದ್ದು, ಕಳ್ಳು" ಎನ್ನುತ್ತಿದ್ದಳು. ನಾನು ನಂಬಿದೆ. ಬಾವಿ ನೀರನ್ನೂ ಕಂಡಿದ್ದೆ, ಅಮ್ಮನ ಮಾತನ್ನೂ ನಂಬಿದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಬುದ್ಧಿ ಆಗ ಬರಲಿಲ್ಲ.

ಕುಡಿಯದ ಗಂಡನೇ ಬೇಕೆಂದು ಹಟ ಹಿಡಿದು ಲಾದ್ರುವನ್ನು ಮದುವೆಯಾದೆ. ಎರಡು ವರ್ಷ ಕುಡಿಯಲಿಲ್ಲ. ಪ್ರೆಸ್ಸಿ ಹುಟ್ಟಿದ ವರ್ಷ ಶುರು ಮಾಡಿದ. ಕುಡಿದ ದಿನ ಹೊಡೆದ. ಮರುದಿನ, "ನಿನ್ನೆ ಸ್ವಲ್ಪ ಜಾಸ್ತಿ ಆಯ್ತು, ಎಂತದೂ ನೆನಪಿಲ್ಲ" ಎಂದ. ಪ್ರತಿ ಸಲವೂ ಇದೇ ಮಾತು.

ಅವನು ಎಸಿ ಮೆಕ್ಯಾನಿಕ್. ತಾಯಿಫಿನ ಒಂದು ಖಾಸಗಿ ಆಸ್ಪತ್ರೆಯಿಂದ ಕೆಲಸದ ಕಾಗದ ಬಂದಾಗ ಅವನಿಗೇ ಮನಸ್ಸಿರಲಿಲ್ಲ. ನಾನೇ ಹಿಂದೆ ಬಿದ್ದು ಹೊರಡಿಸಿದೆ. ಸೌದಿಯಲ್ಲಿ ಕಳ್ಳಿಲ್ಲ, ಸಾರಾಯಿ ಇಲ್ಲ, ಕುಡಿದು ಸಿಕ್ಕಿಬಿದ್ದರೆ ಛಡಿ ಏಟು ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಬೇರೆ ಹೆಂಗಸರು ಸೌದಿ ಎಂದರೆ ಚಿನ್ನ ಎಂದುಕೊಂಡರು. ನಾನು ಗಡಂಗು ಇಲ್ಲದ ಊರು ಎಂದುಕೊಂಡೆ. ವರ್ಷ ಕಳೆದು ಅವನಿಗೆ ಕ್ವಾರ್ಟರ್ಸ್ ಸಿಕ್ಕಿದ ಮೇಲೆ ನಾನೂ ಮಗುವೂ ಹೋದೆವು.

ಹೋದದ್ದು ಗುಲಾಬಿ ಕಾಲದಲ್ಲಿ. ತಾಯಿಫ್ ಬೆಟ್ಟದ ಮೇಲಿನ ಊರು. ಮರಳುಗಾಡು ಎಂದು ಹೆದರಿಸಿದ್ದರು, ಅಲ್ಲಿ ನೋಡಿದರೆ ಬೆಳಗ್ಗೆ ಶಾಲು ಬೇಕು. ರಸ್ತೆ ಬದಿಯಲ್ಲಿ ಕೋತಿಗಳು ಸಂಸಾರ ಸಮೇತ ಕೂತು ಕಾರುಗಳನ್ನು ನೋಡುತ್ತಿದ್ದವು. ನಾನು ಮನೆಯಲ್ಲಿ ಆಸ್ಪತ್ರೆಯ ನರ್ಸುಗಳ ಮೂರು ಮಕ್ಕಳನ್ನು ನೋಡಿಕೊಳ್ಳತೊಡಗಿದೆ. ಲಾದ್ರು ಕೆಲಸ ಮುಗಿಸಿ ನೇರ ಮನೆಗೆ ಬರುತ್ತಿದ್ದ. ಮೊದಲ ವಾರ ನಾನು ದೇವರಿಗೆ ಎಷ್ಟು ಸಲ ಕೈ ಮುಗಿದೆನೋ ಲೆಕ್ಕವಿಲ್ಲ.

ಆ ವಾರದ ಕೊನೆಗೆ ಶುಕ್ರವಾರ. ಜೆಸಿಂತಾ ಬಾಯಿಯ ಮನೆಗೆ ಪ್ರಾರ್ಥನೆಗೆ ಹೋಗುವ ಎಂದ ಲಾದ್ರು. ಜೆಸಿಂತಾ ಬಾಯಿ ಉಡುಪಿ ಕಡೆಯವರು, ಅದೇ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಊರಿನ ಆರೇಳು ಸಂಸಾರದವರು ಅವರ ಹಾಲಿನಲ್ಲಿ ಸೇರಿದ್ದರು. ಕಿಟಕಿಗಳಿಗೆ ದಪ್ಪ ಪರದೆ ಎಳೆದು, ಟೀವಿಯಲ್ಲಿ ಕಾರ್ಟೂನ್ ಜೋರಾಗಿ ಹಾಕಿ, ಅದರ ಸದ್ದಿನಡಿಯಲ್ಲಿ ಜಪಸರ ಹೇಳಿದೆವು. ಪಿಸುಮಾತಿನಲ್ಲಿ ಹಾಡಿದೆವು. ಮನೆಯಲ್ಲಿ ಪ್ರಾರ್ಥನೆ ಮಾಡಲೂ ಹೆದರಬೇಕು ಎಂಬುದೇ ನನಗೆ ದೊಡ್ಡ ಆಘಾತ. ಅದು ಮುಗಿಯುವ ಮೊದಲೇ ಇನ್ನೊಂದು.

ಶಿಲುಬೆ ಗುರುತು ಹಾಕಿ ಎದ್ದದ್ದೇ ಜೆಸಿಂತಾ ಬಾಯಿ ಫ್ರಿಜ್ಜಿನ ಹಿಂದಿನಿಂದ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನ್ ಎಳೆದರು. ಮುಚ್ಚಳ ತೆಗೆದರು. ನನ್ನ ಮೂಗಿಗೆ ನೇರ ಗಿರಿಜಕ್ಕನ ಗಡಂಗು ಹೊಡೆಯಿತು. ಸಮುದ್ರ ದಾಟಿ, ಬೆಟ್ಟ ಹತ್ತಿ ಬಂದರೂ ಅದೇ ವಾಸನೆ.

"ಇದೆಂತದು ಬಾಯಿ?"

"ದ್ರಾಕ್ಷಿ ಜ್ಯೂಸ್ ಮಾರಾಯ್ತಿ. ಸ್ವಲ್ಪ ವಯಸ್ಸಾಗಿದೆ ಅಷ್ಟೇ."

ಎಲ್ಲರೂ ನಕ್ಕರು. ನಾನು ಲಾದ್ರುವಿನ ಮುಖ ನೋಡಿದೆ. ಊರು ಬಿಟ್ಟ ಮೇಲೆ ಆ ಮುಖ ಅಷ್ಟು ಬೆಳಗಿದ್ದು ನೋಡಿರಲಿಲ್ಲ. ಒಂದು ವರ್ಷದಿಂದ ಅವನು ಪ್ರತಿ ಶುಕ್ರವಾರ ಅಲ್ಲಿಗೆ ಹೋಗುತ್ತಿದ್ದ. ನನಗೆ ಬರೆದ ಕಾಗದದಲ್ಲಿ, "ಇಲ್ಲಿ ಪ್ರಾರ್ಥನೆ ತಪ್ಪಿಸುವುದಿಲ್ಲ" ಎಂದು ಮಾತ್ರ ಇತ್ತು.

ಗಂಡಸರು ಹಾಲಿನಲ್ಲಿ, ಹೆಂಗಸರು ಅಡುಗೆಮನೆಯಲ್ಲಿ, ಮಕ್ಕಳು ಎರಡೂ ಕಡೆ. ಮಡಲಿನ ತಟ್ಟಿಯ ಬದಲು ಒಂದು ಬಾಗಿಲು. ಮಕ್ಕಳಿಗೆ ತಾಜಾ ಹಣ್ಣಿನ ರಸ, ಕಡಲೆ, ಬೇಯಿಸಿದ ಮೊಟ್ಟೆ. ಪ್ರೆಸ್ಸಿ ಕುಣಿಯುತ್ತಾ ಮೊಟ್ಟೆ ತಿನ್ನುತ್ತಿದ್ದಳು. ನನ್ನನ್ನೇ ನಾನು ನೋಡಿದ ಹಾಗಾಯಿತು. ಆ ಸಂಜೆ ಮನೆಗೆ ಬಂದು ಲಾದ್ರು ನನ್ನ ಜಡೆ ಹಿಡಿದು ಎಳೆದ. ಬೆಳಗ್ಗೆ ನೆನಪಿಲ್ಲ ಎಂದ.

ಹೋಗುವುದೇ ಬೇಡ ಎನ್ನಬಹುದಿತ್ತು. ಹಾಗೆ ಅಂದರೆ ಪ್ರಾರ್ಥನೆಯೂ ಇಲ್ಲ, ನಮ್ಮ ಭಾಷೆಯ ಒಂದು ನರಪಿಳ್ಳೆಯ ಮುಖವೂ ಇಲ್ಲ. ನಾನು ಹೋಗದಿದ್ದರೆ ಅವನು ಹೋಗದೆ ಇರುತ್ತಾನೆಯೇ? ಹೀಗೆ ಮೂರು ನಾಲ್ಕು ತಿಂಗಳು ಕಳೆದವು. ವಾರದಲ್ಲಿ ಆರು ದಿನ ಒಳ್ಳೆಯ ಮನುಷ್ಯ, ಏಳನೇ ದಿನ ಹೊಡೆತ.

ದಾರಿ ಸಿಕ್ಕಿದ್ದು ದ್ರಾಕ್ಷಿ ಕಾಲದಲ್ಲಿ. ಬೇಸಿಗೆಯ ಕೊನೆಗೆ ತಾಯಿಫಿನ ಮಾರುಕಟ್ಟೆ ತುಂಬ ದ್ರಾಕ್ಷಿ. ನಮ್ಮ ಕಫೀಲ್, ಅಂದರೆ ಆಸ್ಪತ್ರೆಯ ಮಾಲೀಕ, ಒಳ್ಳೆಯ ವಯಸ್ಸಾದ ಮನುಷ್ಯ. ತನ್ನ ತೋಟದ ದ್ರಾಕ್ಷಿಯನ್ನು ಪೆಟ್ಟಿಗೆಗಟ್ಟಲೆ ಸ್ಟಾಫಿಗೆ ಹಂಚಿಸುತ್ತಿದ್ದ. ಹಿಂದೂಸ್ತಾನದವರಿಗೆ ಹಣ್ಣೆಂದರೆ ಎಷ್ಟು ಆಸೆ ಎಂದು ಲಾದ್ರುವಿನ ಬೆನ್ನು ತಟ್ಟಿದನಂತೆ. ಆ ದ್ರಾಕ್ಷಿ ಎಲ್ಲಿಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಾಗಿದ್ದರೆ ನಮ್ಮೆಲ್ಲರ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಆ ವರ್ಷ ಜೆಸಿಂತಾ ಬಾಯಿಯ ಎರಡು ಕ್ಯಾನ್ ಹಾಳಾಗಿ ವಿನೆಗರ್ ಆಯಿತು. ಅವರು ತಲೆಗೆ ಕೈ ಹೊತ್ತು ಕೂತಿದ್ದಾಗ ನಾನು ಮೂರನೆಯದರ ಬದಿಗೆ ಕಿವಿ ಇಟ್ಟೆ.

"ಇದು ಇನ್ನೂ ಏರ್ತಾ ಉಂಟು. ಈಗಲೇ ಯಾಕೆ ಬಿಗಿಯಾಗಿ ಮುಚ್ಚಿದ್ದು? ಬಟ್ಟೆ ಕಟ್ಟಿ ಸಾಕು."

"ನಿಂಗೆ ಹೇಗೆ ಗೊತ್ತು ರೆಮ್ಮಿ?"

"ಗಡಂಗಿನಲ್ಲಿ ಬೆಳೆದವಳು ನಾನು."

ಅಷ್ಟೇ ಸಾಕಾಯಿತು. ಇನ್ನು ಮೇಲೆ ಈ ಕೆಲಸ ರೆಮ್ಮಿಯದ್ದೇ ಎಂದು ಎಲ್ಲರೂ ತೀರ್ಮಾನ ಮಾಡಿಬಿಟ್ಟರು. ಬೇಡ ಎನ್ನಲು ಬಾಯಿ ತೆರೆದವಳು ಮುಚ್ಚಿದೆ. ಅಮ್ಮ ತಟ್ಟಿಯ ಸಂದಿನಿಂದ ನೋಡಿದ್ದು, ಗಿರಿಜಕ್ಕ ನೀರು ಹೊಯ್ದದ್ದು ನೆನಪಿಗೆ ಬಂತು. ಕ್ಯಾನ್ ನನ್ನ ಕೈಗೆ ಬಂದರೆ ಅದರಲ್ಲಿ ಏನಿರಬೇಕೆಂದು ಹೇಳುವವಳು ನಾನು.

ಬರಿಯ ನೀರು ಹೊಯ್ದರೆ ನಾಲಿಗೆಗೆ ತಿಳಿಯುತ್ತದೆ. ನಾನು ಬೇರೆ ಮಾಡಿದೆ. ದ್ರಾಕ್ಷಿ ಹಿಸುಕಿದ ರಸವನ್ನು ಒಂದು ದಿನ ಮಾತ್ರ ಇಟ್ಟು, ವಾಸನೆ ಬಂದದ್ದೇ ಪಾತ್ರೆಗೆ ಹಾಕಿ ಚೆನ್ನಾಗಿ ಕುದಿಸಿದೆ. ಇದ್ದ ಚೂರುಪಾರು ಅಮಲೂ ಹೋಯಿತು. ಬಣ್ಣಕ್ಕೆ ಸಕ್ಕರೆ ಸುಟ್ಟು ಹಾಕಿದೆ. ಹುಳಿಗೆ ಲಿಂಬೆ. ಗಂಟಲು ಉರಿಯಲು ಶುಂಠಿ, ಕರಿಮೆಣಸು, ಲವಂಗ ಜಜ್ಜಿ ಹಾಕಿದೆ. ಸೋಸಿ ತಣ್ಣಗೆ ಮಾಡಿದರೆ ಶೀತಕ್ಕೆ ಕುಡಿಯುವ ಕಷಾಯ. ಅದಕ್ಕಿಂತ ಹೆಚ್ಚೇನಲ್ಲ. ಪ್ರೆಸ್ಸಿ ಸ್ಟೂಲ್ ಹತ್ತಿ ನಿಂತು ದ್ರಾಕ್ಷಿ ಬಿಡಿಸಿ ಕೊಡುತ್ತಿದ್ದಳು. ಪ್ರತಿ ಶುಕ್ರವಾರ ಹೊರಡುವ ಮೊದಲು ಅವಳಿಗೂ ಅದೇ ಪಾತ್ರೆಯಿಂದ ಒಂದು ಲೋಟ ಕೊಡುತ್ತಿದ್ದೆ.

"ಖಾರ ಮಮ್ಮಿ."

"ಕುಡಿ, ಗಂಟಲಿಗೆ ಒಳ್ಳೇದು."

ಶುಕ್ರವಾರ ಮೊದಲ ಲೋಟ ಬೋನಾನಿಗೆ ಕೊಟ್ಟೆ. ಬೋನಾ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ಮುದುಕ, ಮನೆಯವರೆಲ್ಲ ಊರಲ್ಲಿ, ಎರಡು ಲೋಟಕ್ಕೆ ಅಳುವವನು. ಅವನು ಒಂದು ಗುಟುಕು ಇಳಿಸಿ ಕಣ್ಣು ಮುಚ್ಚಿದ.

"ಅಬ್ಬಾ!" ಎಂದ. "ಇದು ನೋಡಿ ಮಾಲು. ಜೆಸಿಂತಾ, ನೀನು ಇಷ್ಟು ವರ್ಷ ನಮಗೆ ಎಂತ ಕುಡಿಸಿದ್ದು ಮಾರಾಯ್ತಿ?"

ಎರಡನೇ ಲೋಟಕ್ಕೆ ಅತ್ತ. ಉಳಿದವರು ಹಾಡಿದರು. ಒಬ್ಬ ಸೋಫಾದಿಂದ ಏಳಲಾಗದೆ ಇನ್ನೊಬ್ಬನ ಹೆಗಲು ಹಿಡಿದ. ನಾನು ಅಡುಗೆಮನೆಯ ಬಾಗಿಲಲ್ಲಿ ಬಾಯಿ ಬಿಟ್ಟು ನಿಂತಿದ್ದೆ. ಶುಂಠಿ ಕಷಾಯ ಕುಡಿದು ಏಳು ಗಂಡಸರು ತೂರಾಡುತ್ತಿದ್ದರು! ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ. ಆ ದಿನ ಮನೆಗೆ ಬಂದು ಲಾದ್ರು ಹಾಡುತ್ತಾ ಮಲಗಿದ. ಮರುವಾರವೂ ಹಾಗೇ. ಅದರ ಮರುವಾರವೂ ಹಾಗೇ. ಗೆದ್ದೆ ಎಂದುಕೊಂಡೆ. ಅಮ್ಮನಿಗೆ ಆಗದ್ದು ನನಗಾಯಿತು ಎಂದು ಜಂಬವೂ ಬಂತು.

ನಾಲ್ಕನೇ ಶುಕ್ರವಾರ. ಮಧ್ಯಾಹ್ನದ ಊಟವೂ ಅಲ್ಲೇ ಆಗಿ, ನಾಲ್ಕು ಗಂಟೆಯ ಹೊತ್ತಿಗೆ ಮನೆ ಸೇರಿದ್ದೆವು. ನಾನು ಚಾ ಇಟ್ಟಿದ್ದೆ. ಲಾದ್ರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಬೋನಾನಿಗೆ ಯಾಕೆ ಮೊದಲು ಕೊಡುವುದು ನೀನು?"

"ವಯಸ್ಸಾದವರು ಅಂತ."

"ಪ್ರತಿ ವಾರ ಅವನಿಗೇ ಮೊದಲು. ನಾನು ಎಂತ ನಾಯಿಯಾ?"

ತಿರುಗುವುದರೊಳಗೆ ಕೆನ್ನೆಗೆ ಬಿತ್ತು. ಎಡಗಿವಿಗೆ. ಕ್ಯಾನಿಗೆ ಇಡುತ್ತಿದ್ದ ಅದೇ ಕಿವಿ. ಒಳಗೆ ಗುಂಯ್ ಎಂದಿತು. ಎರಡನೆಯದು ಬಿತ್ತು, ಮೂರನೆಯದೂ ಬಿತ್ತು. ನೋವು ನನಗೆ ಗೊತ್ತಾಗಲಿಲ್ಲ. ತಲೆಯಲ್ಲಿ ಒಂದೇ ಮಾತು ಓಡುತ್ತಿತ್ತು. ಲೋಟದಲ್ಲಿ ಏನೂ ಇರಲಿಲ್ಲ. ನಾನೇ ಕುದಿಸಿದ್ದು. ಅದರಲ್ಲಿ ಏನೂ ಇರಲಿಲ್ಲ. ಹೊಡೆದಾದ ಮೇಲೆ ಅವನು ಗೋಡೆ ಹಿಡಿದುಕೊಂಡು, ಕಾಲು ಎಳೆಯುತ್ತಾ ಹೋಗಿ ಮಲಗಿದ. ಆ ತೂರಾಟವನ್ನೇ ನೋಡುತ್ತಾ ನಿಂತೆ. ನನ್ನ ಗಂಡನನ್ನು ನಾನು ಮೊದಲ ಸಲ ನೋಡುತ್ತಿದ್ದೆ.

ಹಾಲಿಗೆ ಬಂದರೆ ಪ್ರೆಸ್ಸಿ ಸೋಫಾದ ಮೇಲೆ ಎರಡೂ ಕೈ ತೊಡೆಯಡಿ ಇಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಬಾಗಿಲು ತೆರೆದೇ ಇತ್ತು, ಎಲ್ಲ ಕಂಡಿರಬೇಕು. ಅಳುತ್ತಿರಲಿಲ್ಲ. ಎಸಿಯ ತಂಪಿಗೆ ಚಳಿಯಾಗಿರಬೇಕೆಂದು ಒಳಗಿನಿಂದ ಸ್ವೆಟರ್ ತಂದೆ. ಅದರ ತೋಳಿಗೆ ಕೈ ತೂರಿಸಲು ಬಿಡಲಿಲ್ಲ. ತೊಡೆಯಡಿಯಿಂದ ಎಳೆದು ತೆಗೆದರೆ ಮತ್ತೆ ಅಡಿಗೆ ಇಟ್ಟುಕೊಂಡಳು. ನನಗೂ ತಾಳ್ಮೆ ಇರಲಿಲ್ಲ, ಗದರಿಸಿ ತೊಡಿಸಿದೆ.

ಬೆಳಗ್ಗೆ ಚಾ ಕುಡಿಯುತ್ತಾ ಲಾದ್ರು ನನ್ನ ಕೆನ್ನೆ ನೋಡಿದ.

"ನಿನ್ನೆ ಸ್ವಲ್ಪ ಜಾಸ್ತಿ ಆಯ್ತು," ಎಂದ. "ಎಂತದೂ ನೆನಪಿಲ್ಲ."

ಹೊಡೆತಕ್ಕಿಂತ ಆ ಮಾತು ನನ್ನನ್ನು ಕೆಡವಿತು. ಶುಂಠಿ ಕಷಾಯಕ್ಕೆ ನೆನಪು ಹೋಗುತ್ತದೆಯೇ? ಹಾಗಾದರೆ ಊರಲ್ಲಿ ಹೇಳಿದ ಅಷ್ಟೂ "ನೆನಪಿಲ್ಲ"ಗಳು ಏನು? ಅಪ್ಪನ ಕುಡಿಕೆಯ ಬಾವಿ ನೀರು ಆಗ ನನ್ನ ಕಣ್ಣೆದುರು ಬಂತು. ಅದು ನೀರೆಂದು ಅಮ್ಮನಿಗೆ ಗೊತ್ತಿತ್ತು. ಗೊತ್ತಿದ್ದೂ, "ಅವರಲ್ಲ, ಕಳ್ಳು" ಎಂದು ನನಗೆ ಹೇಳಿದಳು. ನಾನು ಆ ಒಂದು ಮಾತನ್ನು ನಂಬಿ ಇಷ್ಟು ದೂರ ಬಂದಿದ್ದೆ. ಕಳ್ಳಿಗೆ ಹೆದರಿ ಊರು ಬಿಟ್ಟೆ, ಹೆದರಬೇಕಾದ್ದನ್ನು ಜೊತೆಗೇ ಕಟ್ಟಿಕೊಂಡು ಬಂದೆ.

ಆ ವಾರ ನಾನು ಜಗಳ ಮಾಡಲಿಲ್ಲ. ಮುಂದಿನ ಶುಕ್ರವಾರ ಜಪಸರ ಮುಗಿದ ಮೇಲೆ ಎಂದಿನಂತೆ ಎಲ್ಲರಿಗೂ ಕೊಟ್ಟೆ. ಮೊದಲು ಲಾದ್ರುವಿಗೆ. ಎರಡು ಸುತ್ತು ಆಗಲಿ ಎಂದು ಕಾದೆ. ಬೋನಾ ಅಳಲು ಶುರು ಮಾಡಿದ, ಮಕ್ಕಳು ಒಳಕೋಣೆಯಲ್ಲಿ ಆಡುತ್ತಿದ್ದರು. ಆಗ, ಲೋಟ ಕೊಟ್ಟಾದ ಮೇಲೆ ಹೆಂಗಸರು ನಿಲ್ಲದ ಹಾಲಿಗೆ ಹೋಗಿ ಟೀವಿ ಮುಂದೆ ನಿಂತೆ.

"ನೀವು ಕುಡೀತಾ ಇರುವುದು ಕಷಾಯ," ಎಂದೆ. "ಒಂದು ತಿಂಗಳಿನಿಂದ ಕಷಾಯವೇ. ಅದರಲ್ಲಿ ಎಂತದೂ ಇಲ್ಲ. ನಾನೇ ಕುದಿಸಿದ್ದು."

ಯಾರೋ ನಕ್ಕರು. ನಾನು ನಗಲಿಲ್ಲ. ನಗು ನಿಂತಿತು.

"ತಮಾಷೆ ಬೇಡ ಬಾಯಿ," ಎಂದ ಬೋನಾ. "ಹಾಗಾದ್ರೆ ನಾನು ಅತ್ತದ್ದು?"

"ಅದು ನಿಮ್ಮದೇ ಅಳು ಬೋನಾ ಮಾಮ್. ಅದಕ್ಕೆ ಕುಡಿಯಬೇಕಂತ ಇಲ್ಲ." ಆಮೇಲೆ ನನ್ನ ಕೆನ್ನೆಯನ್ನು ಬೆಳಕಿಗೆ ತಿರುಗಿಸಿದೆ. ಹಸಿರುಗಟ್ಟಿತ್ತು. "ಇದು ಕಳೆದ ಶುಕ್ರವಾರ ಕಷಾಯ ಕುಡಿದವರು ಮಾಡಿದ್ದು. ಅವರಿಗೆ ನೆನಪಿಲ್ಲವಂತೆ."

ಯಾರೂ ಲಾದ್ರುವಿನ ಕಡೆ ನೋಡಲಿಲ್ಲ. ಅದೇ ಅವನಿಗೆ ದೊಡ್ಡ ಪೆಟ್ಟು. ಅವನು ಲೋಟದೊಳಗೆ ನೋಡುತ್ತಾ ಕೂತ. ಜೆಸಿಂತಾ ಬಾಯಿ ಹತ್ತಿರ ಬಂದು, ಲೋಟ ತೆಗೆದು ಒಂದು ಗುಟುಕು ಕುಡಿದರು. ತಾವು ಕುಡಿಯದಿದ್ದರೂ ಇಷ್ಟು ವರ್ಷ ಮಾಡಿದವರು, ನಾಲಿಗೆಗೆ ತಿಳಿಯಿತು.

"ಶುಂಠಿ ಜಾಸ್ತಿ ಆಗಿದೆ," ಎಂದು ಮಾತ್ರ ಹೇಳಿದರು. ಆಮೇಲೆ ಲಾದ್ರುವಿಗೆ, "ನಾಳೆ ಇವಳ ಮತ್ತು ಮಗುವಿನ ಪಾಸ್‌ಪೋರ್ಟ್ ತೆಗೊಂಡು ಕಫೀಲ್ ಹತ್ರ ಹೋಗು. ಇವರನ್ನು ಊರಿಗೆ ಕಳಿಸಲು ಎಕ್ಸಿಟ್ ಹಾಕಿಸು. ಎಂತ ಕೇಳಿದ್ರೂ ಮಗುವಿನ ಶಾಲೆಗೆ ಅಂತ ಹೇಳು" ಎಂದರು.

ಮರುದಿನ ಅವನು ಪಾಸ್‌ಪೋರ್ಟ್ ತೆಗೆದುಕೊಂಡು ಹೋದ. ಮೂರು ವಾರದಲ್ಲಿ ಕಾಗದ ಆಯಿತು. ಮಾರುಕಟ್ಟೆಗೆ ದಾಳಿಂಬೆ ಬಂದಿತ್ತು. ಕಫೀಲ್ ಪ್ರೆಸ್ಸಿಗೆಂದು ಒಂದು ಚೀಲ ದಾಳಿಂಬೆ ಕಳಿಸಿದ. ಜಿದ್ದಾದವರೆಗೆ ಬೆಟ್ಟ ಇಳಿಯುವ ದಾರಿಯಲ್ಲಿ, ಕೆಳಗಿನ ಬಿಸಿಲಿಗೆ ನಾವೆಲ್ಲ ಬೆವರುತ್ತಿದ್ದರೂ, ಅವಳು ಕೈಯೆರಡನ್ನೂ ತೊಡೆಯಡಿ ಇಟ್ಟುಕೊಂಡೇ ಕೂತಿದ್ದಳು.

ಲಾದ್ರು ಇನ್ನೂ ನಾಲ್ಕು ವರ್ಷ ಅಲ್ಲಿದ್ದು ಊರಿಗೆ ಬಂದ. ಊರಿನಲ್ಲಿ ಕುಡಿದ, ನಿಜವಾದ್ದನ್ನೇ ಕುಡಿದ. ಕುಡಿದು ಜಗಲಿಯಲ್ಲಿ ಸುಮ್ಮನೆ ಕೂತ. ಸಾಯುವವರೆಗೆ ಒಂದು ದಿನವೂ ನನ್ನ ಮೇಲೆ ಕೈ ಎತ್ತಲಿಲ್ಲ. ಕ್ಷಮೆ ಕೇಳಲಿಲ್ಲ, ನಾನೂ ಕೊಡಲಿಲ್ಲ. ಕೈ ಎತ್ತದೆ ಇರಲು ಆಗುತ್ತಿತ್ತು ಎಂಬುದು ನನಗೂ ತಿಳಿಯಿತು, ಅವನಿಗೂ ತಿಳಿಯಿತು.

ಕತೆ ಇಲ್ಲಿಗೆ ಮುಗಿದಿದೆ ಎಂದುಕೊಂಡಿದ್ದೆ. ಕ್ರಿಸ್ಮಸ್ಸಿನ ಊಟ ಆಗಿ ಎಲ್ಲರೂ ಟೀವಿ ಮುಂದೆ ಕೂತ ಮೇಲೆ ನಾನೂ ಪ್ರೆಸ್ಸಿಯೂ ಪಾತ್ರೆ ತೊಳೆಯುತ್ತಿದ್ದೆವು.

"ಬಾರು ಗೀರು ಅಂತ ಮಕ್ಕಳೆದುರು ಯಾಕೆ ಹೇಳುವುದು?" ಎಂದೆ.

"ಹಾಗೆ ನಗ್ತಾ ಹೇಳದಿದ್ರೆ ಬೇರೆ ಹೇಗೆ ಹೇಳುವುದು ಮಮ್ಮಿ?"

ಒಂದು ತಟ್ಟೆ ತೊಳೆದಿಟ್ಟು ಅವಳೇ ಕೇಳಿದಳು. "ಪಪ್ಪ ನಿಂಗೆ ಹೊಡೆದ ದಿನ ನಾನೂ ಅದನ್ನೇ ಕುಡಿದಿದ್ದೆ ಅಲ್ವಾ? ಒಂದೇ ಪಾತ್ರೆಯದ್ದು."

"ಹೌದು. ಅದರಲ್ಲಿ ಎಂತದೂ ಇರಲಿಲ್ಲ."

"ಅದು ನಿಂಗೆ ಗೊತ್ತು. ನಂಗೆ ಯಾರು ಹೇಳಿದ್ರು? ಕುಡಿದದ್ದಕ್ಕೆ ಪಪ್ಪನ ಕೈ ಎದ್ದದ್ದು ಅಂತ ಎಲ್ರೂ ಹೇಳ್ತಿದ್ರಿ. ನಾನೂ ಕುಡಿದಿದ್ದೆ. ನಂಗೆ ಯಾವಾಗ ಆಗ್ತದೆ ಅಂತ ಕಾಯ್ತಾ ಇದ್ದೆ." ಅವಳು ನಲ್ಲಿ ನಿಲ್ಲಿಸಿ ಒದ್ದೆ ಕೈ ಒರೆಸಿಕೊಂಡಳು. "ಅದಕ್ಕೇ ಕೈ ಅಡಿಗೆ ಇಟ್ಟುಕೊಂಡು ಕೂತದ್ದು. ಎದ್ದರೆ ನಿಂಗೇ ಬೀಳ್ತದಲ್ಲ ಅಂತ."

ನಾನು ಅವಳಿಗೆ ಚಳಿ ಎಂದು ಸ್ವೆಟರ್ ತೊಡಿಸಿದ್ದೆ.